ಸೀನಪ್ಪನ ಮಾತ್ರೆಗಳು

ಬೇಕರಿಯಮ್ಮನ ಅಳಿಯನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಅವನು ಹಿಟ್ಟಿನ ಚೀಲದ ಬಾಯಿ ಬಿಚ್ಚಿದರೆ ಸಾಕು, ಒಂದರ ಬೆನ್ನಿಗೊಂದು ಸೀನು ಹೊರಡುತ್ತಿತ್ತು. ಆ ಸದ್ದು ಅಂಗಡಿ ದಾಟಿ, ಎದುರಿನ ಟೈಲರ್ ಯಂತ್ರದ ಸದ್ದನ್ನೂ ದಾಟಿ, ಬೀದಿಯ ಕೊನೆಯ ಸೈಕಲ್ ರಿಪೇರಿಯವನ ಕಿವಿಗೂ ಬೀಳುತ್ತಿತ್ತು. ಸೀನುವವನು ಸೀನಪ್ಪನಾದ. ಕಟ್ಟಿಕೊಂಡ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಮೊದಲು ಅವನು ಆ ಬೇಕರಿಗೆ ಹಿಟ್ಟು ನಾದುವ ಆಳಾಗಿ ಬಂದವನು. ಆಗ ಬೇಕರಿಯಮ್ಮನ ಯಜಮಾನರು ಬದುಕಿದ್ದರು. ಹುಡುಗನ ಕೈ ಪಳಗಿತು, ಒಬ್ಬಳೇ ಮಗಳ ಮನಸ್ಸೂ ಅವನ ಕಡೆ ವಾಲಿತು, ಬೇಡ ಬೇಡ ಎನ್ನುತ್ತಲೇ ಮದುವೆಯಾಗಿ ಅವನು ಮನೆ ಅಳಿಯನಾದ. ಯಜಮಾನರು ತೀರಿಕೊಂಡ ಮೇಲೆ ಒಲೆ ಅವನ ಪಾಲಿಗೆ ಬಂತು, ಗಲ್ಲಾಪೆಟ್ಟಿಗೆ ಬೇಕರಿಯಮ್ಮನ ಬಳಿಯೇ ಉಳಿಯಿತು. ಅವಳು ಅವನನ್ನು ಇಂದಿಗೂ ಆಳನ್ನು ಕರೆದಂತೆ "ನೀನು" ಎಂದೇ ಕರೆಯುತ್ತಿದ್ದಳು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಬಹುವಚನ ಬರುತ್ತಿತ್ತು. "ಅಳಿಯಂದಿರು ದೊಡ್ಡ ಮನಸ್ಸು ಮಾಡಿ ಎರಡನೇ ಟ್ರೇ ಒಲೆಗೆ ಇಡಬೇಕು." ಆ ಬಹುವಚನ ಕೇಳಿದರೆ ಬೆಕ್ಕು ಕೂಡ ಮೇಜಿನ ಕೆಳಗೆ ಸೇರುತ್ತಿತ್ತು.

ಅವನು ಎದುರು ಮಾತಾಡುವವನಲ್ಲ. ಬಡಿಸಿದ್ದನ್ನು ಉಂಡು, ಬೈದಿದ್ದನ್ನು ನುಂಗಿ, ಹಿಂದಿನ ಕೋಣೆಗೆ ಹೋಗಿ ಹಿಟ್ಟಿಗೆ ಕೈ ಹಾಕುವವನು.

ಆ ವರ್ಷ ಸೀನು ವಿಪರೀತವಾಯಿತು. ಕಣ್ಣು ಕೆಂಡದಂತಾಗಿ ನೀರು ಸುರಿಯಲಾರಂಭಿಸಿತು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಅವನಿಗೆ ಹಿಟ್ಟಿನ ದೂಳೇ ಅಲರ್ಜಿ ಎಂದರು. ನಿದ್ದೆ ಬರಿಸದ ಹೊಸ ನಮೂನೆಯ ಮಾತ್ರೆ ಬರೆದುಕೊಟ್ಟು, ದಿನಕ್ಕೊಂದು, ನೀರಿನಲ್ಲಿ ನುಂಗಿ, ಮುಖಕ್ಕೆ ಮಾಸ್ಕ್ ಕಟ್ಟಿ ಎಂದು ಕಳಿಸಿದರು.

"ಬೇಕರಿಯವನಿಗೆ ಹಿಟ್ಟು ಆಗಲ್ವಂತೆ," ಎಂದು ಬೇಕರಿಯಮ್ಮ ಊಟದ ಮೇಜಿಗೆಲ್ಲ ಕೇಳುವಂತೆ ಹೇಳಿದಳು. "ನಾಳೆ ಮೀನಿಗೆ ನೀರಾಗಲ್ಲ ಅಂತಾರೆ."

"ಅಜ್ಜಿ, ಅದು ರೋಗ. ಬೇಕು ಅಂತ ಬರಿಸ್ಕೊಂಡಿದ್ದಲ್ಲ," ಎಂದಳು ಮೊಮ್ಮಗಳು. ಯಾವ ಮಾತಿಗೂ ಎದುರು ಪ್ರಶ್ನೆ ಹಾಕುತ್ತಿದ್ದುದರಿಂದ ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು.

"ನಿಮ್ಮ ತಾತ ಹಿಟ್ಟಿನಲ್ಲೇ ಹುಟ್ಟಿ ಹಿಟ್ಟಿನಲ್ಲೇ ಸತ್ರು. ಒಂದಿನ ಸೀನಿದ್ದು ನೋಡಿಲ್ಲ."

"ಮೈಯೆಲ್ಲ ತುರಿಸ್ಕೋತಿದ್ರಲ್ಲ, ಅದೇನು ಮತ್ತೆ?"

"ತಟ್ಟೆ ನೋಡ್ಕೊಂಡು ಉಣ್ಣೇ."

ಮಗಳು ಒಂದು ಜಿಮ್ಮಿನ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಅಲ್ಲಿನ ಗಾಜಿನ ಕಪಾಟಿನ ತುಂಬ ವಿಟಮಿನ್ ಡಬ್ಬಿಗಳು. ಗಂಡನ ಕಾಯಿಲೆ ಗೊತ್ತಾದ ವಾರವೇ ಅವಳು ಒಂದು ದೊಡ್ಡ ಡಬ್ಬಿ ತಂದಳು. ವಿಟಮಿನ್ನು, ಸತು, ಮೆಗ್ನೀಸಿಯಂ ಎಲ್ಲವೂ ಒಂದರಲ್ಲೇ ಇರುವ, ಅವರೆಕಾಳಿನಷ್ಟು ದಪ್ಪದ ಮಾತ್ರೆ. ಬೆಳಗಿನ ತಿಂಡಿಗೆ ಬ್ರೆಡ್ಡು ಮೊಟ್ಟೆಯ ಪಕ್ಕದಲ್ಲಿ ಉದ್ದ ಲೋಟದ ತುಂಬ ಕಿತ್ತಳೆ ರಸ ಇಟ್ಟು, ಅಲರ್ಜಿ ಮಾತ್ರೆಯನ್ನೂ ಈ ದಪ್ಪ ಮಾತ್ರೆಯನ್ನೂ ಅಂಗೈಗೆ ಹಾಕುತ್ತಿದ್ದಳು.

"ಎರಡೂ ಒಟ್ಟಿಗೇ ನುಂಗಿ ರೀ. ಮರೆತುಹೋಗಲ್ಲ."

"ಅದೇನೇ ಅಷ್ಟು ದಪ್ಪ? ದನಕ್ಕೆ ಕೊಡೋದಾ?" ಎಂದಳು ಬೇಕರಿಯಮ್ಮ.

"ಮೈಯಲ್ಲಿ ಶಕ್ತಿ ಇದ್ರೆ ಅಲರ್ಜಿ ಹತ್ರ ಬರಲ್ಲ. ಇಷ್ಟು ವರ್ಷ ನೀನು ಅವರಿಗೆ ಕೊಟ್ಟಿದ್ದೇನು? ಸೀದುಹೋದ ಬನ್ನು."

"ಸೀದ ಬನ್ನು ತಿಂದೇ ನೀನೂ ಇಷ್ಟೆತ್ತರ ಬೆಳೆದೆ. ಈಗ ನಾಲಿಗೆ ಅದಕ್ಕಿಂತ ಉದ್ದ ಆಗಿದೆ."

"ಒಂದು ಮಾತು ಕೇಳ್ಕೋ ಅಮ್ಮ. ಅಪ್ಪ ನುಂಗ್ತಿದ್ದ ಹಳದಿ ಮಾತ್ರೆ ಇನ್ನೂ ನಿನ್ನ ಪೆಟ್ಟಿಗೇಲಿದೆ ಅಂತ ನನಗೆ ಗೊತ್ತು. ಅದನ್ನ ಇವರಿಗೆ ಕೊಟ್ಟೀಯ, ಜೋಕೆ."

ಸೀನಪ್ಪ ಎರಡು ಮಾತ್ರೆಯನ್ನೂ ಬಾಯಿಗೆ ಹಾಕಿಕೊಂಡು, ಲೋಟವನ್ನು ಒಂದೇ ಗುಟುಕಿಗೆ ಮುಗಿಸಿ, ಎದ್ದುಹೋದ.

ಮಾತ್ರೆ ಶುರುವಾಗಿ ದಿನಗಳು ಉರುಳಿದರೂ ಸೀನು ಕೊಂಚವೂ ತಗ್ಗಲಿಲ್ಲ. ಬೀದಿ ತಿರುವಿನ ಹೋಟೆಲಿನವಳು ದಿನವೂ ಬುಟ್ಟಿಗಟ್ಟಲೆ ಬನ್ನು ಒಯ್ಯುವ ಗಿರಾಕಿ. ಒಂದು ಬೆಳಿಗ್ಗೆ ಅವಳು ಬುಟ್ಟಿಯನ್ನು ಹಿಂದಕ್ಕೆ ತಳ್ಳಿದಳು.

"ನೋಡಿ ಬೇಕರಿಯಮ್ಮ, ನಿಮ್ಮ ಬನ್ನಿಗೆ ಹೆಸರು ಇಡೋಕಾಗಲ್ಲ. ಆದ್ರೆ ಒಳಗಿಂದ ಆ ಸದ್ದು ಕೇಳಿದ್ರೆ ನನಗೇ ತಿನ್ನೋಕೆ ಮನಸಾಗಲ್ಲ. ಇನ್ನು ಜನಕ್ಕೆ ಹೆಂಗೆ ಕೊಡಲಿ?"

"ಮಾಸ್ಕ್ ಹಾಕ್ಕೊಂಡಿರ್ತಾನೆ."

"ಈಗ ಹಾಕಿದ್ನಾ?"

ಬೇಕರಿಯಮ್ಮ ತಿರುಗಿ ನೋಡಿದಳು. ಮಾಸ್ಕ್ ಅವನ ಕುತ್ತಿಗೆಯಲ್ಲಿ ಜೋತಾಡುತ್ತಿತ್ತು. ಒಲೆಯ ಧಗೆಯಲ್ಲಿ ಅದು ಬೆವರಿಗೆ ತೊಯ್ದು ಮೂಗಿಗೆ ಅಂಟುತ್ತದೆ ಎಂದು ಅವನು ಆಗಾಗ ಕೆಳಗಿಳಿಸುತ್ತಿದ್ದ.

ಅವಳ ಮೈ ಉರಿದುಹೋಯಿತು. ಮಾರನೆಯ ದಿನ ತಿಂಡಿ ಮುಗಿದು ಮಗಳು ಜಿಮ್ಮಿಗೆ, ಮೊಮ್ಮಗಳು ಕಾಲೇಜಿಗೆ ಹೋದ ಮೇಲೆ ಅವಳು ಪೆಟ್ಟಿಗೆ ತೆಗೆದಳು. ಗಂಡ ತುರಿಕೆಗೆಂದು ನುಂಗುತ್ತಿದ್ದ ಹಳದಿ ಮಾತ್ರೆಗಳನ್ನು ಅವಳೂ ಮೈ ಕಡಿದಾಗ ಔಷಧಿ ಅಂಗಡಿಯಿಂದ ತರಿಸಿ ಇಟ್ಟುಕೊಳ್ಳುತ್ತಿದ್ದಳು. ಮೂಗಿನ ನೀರನ್ನೂ ಅದು ಗಂಟೆಯೊಳಗೆ ಕಟ್ಟಿಹಾಕುತ್ತದೆ ಎಂದು ಅವಳಿಗೆ ಗೊತ್ತು. ಗಂಡ ಅದನ್ನು ಮಲಗುವ ಹೊತ್ತಿಗೇ ನುಂಗುತ್ತಿದ್ದ, ನುಂಗಿದ ಮೇಲೆ ಕರೆದರೂ ಏಳುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಒಂದು ಮಾತ್ರೆಯನ್ನು ಚಮಚದ ಹಿಂಭಾಗದಲ್ಲಿ ಅರೆದು, ಚಹಾಕ್ಕೆ ಹಾಕಿ, ಸಕ್ಕರೆ ಹೆಚ್ಚಿಗೆ ಸುರಿದು ಕಲಕಿ, ಹಿಂದಿನ ಕೋಣೆಗೆ ಒಯ್ದಳು.

"ತಗೋ. ಕುಡಿದು ಕೆಲಸ ಮಾಡು."

ಅವನು ಲೋಟವನ್ನೂ ಅವಳ ಮುಖವನ್ನೂ ನೋಡಿದ. ಹಿಟ್ಟಿನ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ.

ಆ ದಿನ ಮಧ್ಯಾಹ್ನದವರೆಗೆ ಒಂದೂ ಸೀನಿಲ್ಲ. ಹೋಟೆಲಿನವಳಿಗೆ ತಾನೇ ಬುಟ್ಟಿ ಕಳಿಸಿದಳು ಬೇಕರಿಯಮ್ಮ. ಮರುದಿನವೂ ಚಹಾ ಹೋಯಿತು, ಅದರ ಮರುದಿನವೂ. ಸಂಜೆ ಮಗಳು ಬಂದು, "ನೋಡಿದ್ಯಾ ಅಮ್ಮ, ವಿಟಮಿನ್ ಹೆಂಗೆ ಕೆಲಸ ಮಾಡ್ತಿದೆ?" ಎಂದಾಗ ಬೇಕರಿಯಮ್ಮ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ, "ಹೂಂ, ನೋಡ್ತಾನೇ ಇದ್ದೀನಿ," ಎಂದಳು. ಒಳಗೊಳಗೇ ನಗು ಬಂತು.

ನಗು ಬಹಳ ದಿನ ಬಾಳಲಿಲ್ಲ. ಸೀನಪ್ಪ ತೂಕ ತಪ್ಪಿ ಉಪ್ಪನ್ನು ಎರಡು ಸಲ ಹಾಕಿದ. ಒಂದಿಡೀ ಒಲೆ ಬ್ರೆಡ್ಡು ಇದ್ದಿಲಾಗಿ ಹೊರಬಂತು. ಗಿರಾಕಿ ಕೇಳಿದ್ದು ಒಂದಾದರೆ ಕೊಟ್ಟಿದ್ದು ಇನ್ನೊಂದು. ಮಾತು ತೊದಲುತ್ತಿತ್ತು, ಕಣ್ಣು ಅರ್ಧ ಮುಚ್ಚಿರುತ್ತಿತ್ತು.

"ಏನ್ರೀ ಇದು, ಹಗಲು ಹೊತ್ತೇ ತೂಗಾಡ್ತಾನೆ?" ಎಂದು ಹೋಟೆಲಿನವಳು ಗಲ್ಲಾದ ಮೇಲೆ ಬಗ್ಗಿ ಪಿಸುಗುಟ್ಟಿದಳು. "ಕುಡಿಯೋಕೆ ಶುರು ಮಾಡಿದ್ನಾ?"

ಇಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. "ಯಾರ ಹೊಟ್ಟೇಲಿ ಏನಿದೆ ಅಂತ ಯಾರಿಗೆ ಗೊತ್ತಮ್ಮ," ಎಂದಳು ಬೇಕರಿಯಮ್ಮ.

ಅಷ್ಟೇ ಸಾಕಾಯಿತು. ಮಾತಿಗೆ ಕಾಲು ಬಂದು ಬೀದಿಯೆಲ್ಲ ಸುತ್ತಿತು.

ಇನ್ನೂ ಒಂದು ಮಾತಿತ್ತು, ಅದನ್ನು ಬೇಕರಿಯಮ್ಮ ಮನೆಯಲ್ಲಿ ಆಡಿರಲಿಲ್ಲ. ಅವಳ ತಮ್ಮನ ಮಗ ಬೇರೊಂದು ಬೇಕರಿಯಲ್ಲಿ ಕೆಲಸ ಕಲಿತು ಕೂತಿದ್ದ. "ಇವನ ಕೈಲಾಗದಿದ್ರೆ ನಿನ್ನ ಮಗನ್ನ ಕಳಿಸುವೆಯಂತೆ," ಎಂದು ಅವಳು ತಮ್ಮನಿಗೆ ಫೋನಿನಲ್ಲಿ ಹೇಳಿಯೂ ಇಟ್ಟಿದ್ದಳು.

ಅವನು ಕೈ ಸುಟ್ಟುಕೊಂಡದ್ದು ಒಂದು ಸಾಧಾರಣ ಬೆಳಿಗ್ಗೆ. ಬೇಕರಿಯಮ್ಮ ಖಾಲಿ ಟ್ರೇ ಇಡಲು ಹಿಂದಿನ ಕೋಣೆಗೆ ಹೋದಾಗ ಅಳಿಯ ಒಲೆಯ ಮುಂದೆ ನಿಂತಿದ್ದ. ತಲೆ ಎದೆಗೆ ಬಾಗಿತ್ತು. ಬಲಗೈ ಒಲೆಯ ಕಾದ ಕಬ್ಬಿಣದ ಬಾಗಿಲಿನ ಮೇಲೆ ಒರಗಿತ್ತು. ಚರ್ಮ ಸುಟ್ಟ ವಾಸನೆ ಬಂದಮೇಲೆ ಅವಳಿಗೆ ಅರ್ಥವಾಯಿತು. ಕಿರುಚಿ ಅವನ ಅಂಗಿ ಹಿಡಿದು ಎಳೆದಳು. ಅವನು ಕಣ್ಣು ಬಿಟ್ಟು, ಏನಾಯಿತೆಂದು ತಿಳಿಯದೆ ಅವಳನ್ನೇ ನೋಡಿದ. ಆಮೇಲೆ ನೋವು ತಲುಪಿ ಕೆಳಗೆ ಕುಸಿದ.

ಅವಳು ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಒಲೆಯ ಪಕ್ಕದಲ್ಲಿ ಚಹಾದ ಲೋಟ ಖಾಲಿಯಾಗಿತ್ತು. ಮಗಳು ಜಿಮ್ಮಿನಿಂದ ಓಡಿಬರುವ ಮೊದಲು ಅವಳು ಅದನ್ನು ತೊಳೆದು ಬೋರಲು ಹಾಕಿದಳು.

ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಬಂದ ಗಂಡನನ್ನು ಮಲಗಿಸಿ ಮಗಳು ಅಡುಗೆಮನೆಗೆ ಬಂದಾಗ ಬೇಕರಿಯಮ್ಮ ಕಾದೇ ಇದ್ದಳು. ತಪ್ಪಿತಸ್ಥರಿಗೆ ಬಾಯಿ ಮೊದಲು.

"ತುಂಬಿಸು, ಇನ್ನೂ ತುಂಬಿಸು ಆ ದನದ ಮಾತ್ರೆ! ನಿಂತ ಹಾಗೇ ನಿದ್ದೆ ಹೋಗಿದ್ದಾನೆ. ಔಷಧಿ ಮೇಲೆ ಔಷಧಿ ಹಾಕಿದ್ರೆ ಮತ್ತೇನಾಗುತ್ತೆ? ಗಂಡನ್ನ ನೀನೇ ಕೈಯಾರೆ ಸುಟ್ಟೆ."

ಮಗಳ ಮುಖ ಬಿಳುಚಿತು. ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ಹೇಳುತ್ತಿದ್ದವಳು ಅಂದು ಡಬ್ಬಿಯನ್ನು ತೆಗೆದು, ಮುಚ್ಚಳ ತಿರುಗಿಸಿ, ಅಷ್ಟೂ ಮಾತ್ರೆಗಳನ್ನು ಕಸದ ಬುಟ್ಟಿಗೆ ಸುರಿದಳು. ಕಿತ್ತಳೆ ರಸವನ್ನೂ ತೊಟ್ಟಿಗೆ ಚೆಲ್ಲಿದಳು. "ಇನ್ನು ಡಾಕ್ಟರ್ ಕೊಟ್ಟಿದ್ದೊಂದೇ. ನೀರಲ್ಲಿ ನುಂಗ್ಲಿ. ಸಾಕಾ?" ಎಂದು ಗೋಡೆಗೆ ಹೇಳಿದಳು.

ಬೇಕರಿಯಮ್ಮ ಹಳದಿ ಮಾತ್ರೆಗಳನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಚಹಾ ನಿಂತಿತು.

ವಾರ ಕಳೆದು ಅವನು ಎಡಗೈಯಲ್ಲೇ ಕೆಲಸಕ್ಕೆ ಇಳಿದಾಗ ವಿಚಿತ್ರವೊಂದು ನಡೆಯಿತು. ತೂಕಡಿಕೆ ಹೋಗಿತ್ತು. ಹಿಟ್ಟಿನ ಚೀಲ ಬಿಚ್ಚಿದರೂ ಎಲ್ಲೋ ಒಂದೆರಡು ಸೀನು.

"ಈಗಲಾದರೂ ಒಪ್ಕೋತೀಯಾ?" ಎಂದಳು ಬೇಕರಿಯಮ್ಮ ರಾತ್ರಿಯೂಟಕ್ಕೆ ಸೂಪು ಬಡಿಸುತ್ತ. "ನಿನ್ನ ವಿಟಮಿನ್ ಬಿಟ್ಟಿದ್ದೇ ಬಿಟ್ಟಿದ್ದು, ಮನುಷ್ಯ ನೆಟ್ಟಗಾದ."

ಮಗಳು ಸೂಪಿನ ಬಟ್ಟಲನ್ನು ಹಾಗೇ ಬಿಟ್ಟು ಎದ್ದಳು. ಮೊಮ್ಮಗಳು ಮಾತ್ರ ಅಜ್ಜಿಯನ್ನೇ ನೋಡುತ್ತ, "ವಿಟಮಿನ್ನಿಂದ ನಿದ್ದೆ ಬರುತ್ತಾ ಅಜ್ಜಿ? ಕೇಳ್ಬೇಕು ಡಾಕ್ಟರ್ನ," ಎಂದಳು.

ಕೇಳಿಯೂ ಬಿಟ್ಟಳು. ಪಟ್ಟಿ ಬದಲಿಸಲು ಹೋದ ದಿನ ಬೇಕರಿಯಮ್ಮನೂ ಜೊತೆಗಿದ್ದಳು. ಡಾಕ್ಟರಮ್ಮನ ಬಾಯಿಂದಲೇ ಮಗಳಿಗೆ ಬೈಸಬೇಕೆಂಬ ಆಸೆಯಿಂದ ಬಂದಿದ್ದಳು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಕೊಂಡು, "ಅಲರ್ಜಿ ಮಾತ್ರೆ ಯಾವುದರಲ್ಲಿ ನುಂಗ್ತಿದ್ರಿ?" ಎಂದರು.

"ಕಿತ್ತಳೆ ರಸದಲ್ಲಿ," ಎಂದಳು ಮಗಳು.

"ನೀರು ಅಂದಿದ್ನಲ್ಲಮ್ಮ. ಈ ಮಾತ್ರೆ ಹಣ್ಣಿನ ರಸದ ಜೊತೆ ಹೋದ್ರೆ ಮೈಗೆ ಸರಿಯಾಗಿ ಹತ್ತಲ್ಲ. ಮೆಗ್ನೀಸಿಯಂ ಇರೋದನ್ನೂ ಇದರ ಜೊತೆಗೇ ನುಂಗಬಾರದು, ನಡುವೆ ಕೆಲವು ಗಂಟೆ ಬಿಡಬೇಕು. ಅದಕ್ಕೇ ಮೊದಲು ಗುಣ ಕಾಣಲಿಲ್ಲ. ಉಳಿದ ವಿಟಮಿನ್ ಇದಕ್ಕೇನೂ ಅಡ್ಡ ಬರಲ್ಲ. ಆದ್ರೆ ಏನು ಶುರು ಮಾಡೋ ಮೊದಲೂ ನನ್ನನ್ನೋ ಔಷಧಿ ಅಂಗಡಿಯವರನ್ನೋ ಒಂದು ಮಾತು ಕೇಳಿ."

"ಹಂಗಾದ್ರೆ ನಿದ್ದೆ?" ಎಂದಳು ಲಾಯರಮ್ಮ.

"ಅದೇ ನನಗೂ ಅರ್ಥ ಆಗ್ತಿಲ್ಲ. ಇವ್ಯಾವುದೂ ಮನುಷ್ಯನ್ನ ನಿಂತಲ್ಲೇ ಮಲಗಿಸಲ್ಲ." ಅವರು ಸೀನಪ್ಪನ ಕಡೆ ತಿರುಗಿದರು. "ಬೇರೆ ಏನಾದ್ರೂ ತಗೊಂಡ್ರಾ? ಹಳೇ ನಮೂನೆ ನೆಗಡಿ ಮಾತ್ರೆ, ನಿದ್ದೆ ಮಾತ್ರೆ... ಕುಡಿತ?"

ಬೇಕರಿಯಮ್ಮ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡಳು. ಸೀನಪ್ಪ, "ಇಲ್ಲ," ಎಂದ.

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ ಮಗಳು ಸಿಡಿದಳು. ಜಿಮ್ಮಿಗೂ ಕುಡಿತದ ಸುದ್ದಿ ಹೋಗಿತ್ತಂತೆ. ಯಾರೋ ಅವಳೆದುರೇ, ನಿಮ್ಮ ಯಜಮಾನ್ರು ಈಗ ಬಿಟ್ರಾ ಎಂದು ಕೇಳಿದ್ದರಂತೆ.

"ನಿಜ ಹೇಳಿ. ಕುಡೀತಿದ್ರಾ?"

ಅವನು ಕುರ್ಚಿಯಲ್ಲಿ ಕೂತು ಪಟ್ಟಿಯ ಅಂಚನ್ನು ಸರಿಮಾಡಿಕೊಂಡ.

"ಬಾಯಿ ಬಿಡಿ! ಡಾಕ್ಟರಮ್ಮ ಕೇಳಿದ್ರು, ನನ್ನ ತಲೆ ನೆಲಕ್ಕೆ ಹೋಯ್ತು. ಇಷ್ಟು ದಿನ ನಾನೇ ನಿಮ್ಮ ಕೈ ಸುಟ್ಟೆ ಅಂತ ರಾತ್ರಿಯೆಲ್ಲ ಅತ್ತಿದ್ದೀನಿ. ಕುಡುಕನ ಹೆಂಡ್ತಿ ಅನ್ನಿಸ್ಕೊಂಡು ಈ ಬೀದೀಲಿ ನಾನಿರಲ್ಲ. ಇವತ್ತೇ ನೀವು ಗಂಟುಮೂಟೆ ಕಟ್ಟಿಕೊಂಡು ಹೊರಡಿ, ಒಲೆ ಹತ್ರ ಇನ್ನು ಹೋಗ್ಬೇಡಿ."

"ಅಮ್ಮಾ, ಅಪ್ಪ ಕುಡಿಯಲ್ಲ," ಎಂದಳು ಮೊಮ್ಮಗಳು.

"ಹಂಗಾದ್ರೆ ನಿದ್ದೆ ಆಕಾಶದಿಂದ ಬಿತ್ತಾ?"

ಬೇಕರಿಯಮ್ಮ ನಿಂತೇ ಇದ್ದಳು. ಸುಮ್ಮನಿದ್ದರೆ ಎಲ್ಲ ತಾನಾಗಿಯೇ ನಡೆದುಹೋಗುತ್ತಿತ್ತು. ಅವನು ಹೋಗುತ್ತಿದ್ದ, ತಮ್ಮನ ಮಗ ಬರುತ್ತಿದ್ದ. ಕುಡುಕನೆಂಬ ಮಾತು ಇವನ ಬೆನ್ನು ಹತ್ತಿ ಹೋದಲ್ಲೆಲ್ಲ ಹೋಗುತ್ತಿತ್ತು. ಮೂಗಿಗೆ ಆ ದಿನದ ಸುಟ್ಟ ವಾಸನೆ ಮತ್ತೆ ಬಂದಂತಾಯಿತು.

"ಅವನ ಮೇಲೆ ಯಾಕೆ ಹಾರಾಡ್ತೀಯ?" ಎಂದಳು, ಬೈಯುವ ದನಿಯಲ್ಲೇ. "ಕುಡಿದಿದ್ದು ನಾನು ಕೊಟ್ಟ ಚಹಾ. ಅದರಲ್ಲಿ ನಿಮ್ಮಪ್ಪನ ಹಳದಿ ಮಾತ್ರೆ ಅರೆದು ಹಾಕ್ತಿದ್ದೆ. ದಿನಾ ಹಾಕ್ತಿದ್ದೆ. ಗಿರಾಕಿ ಓಡ್ಹೋಗ್ತಿದ್ರು, ಇನ್ನೇನು ಮಾಡ್ಲಿ?"

ಮಗಳು ತಾಯಿಯನ್ನು ನೋಡಿದ ನೋಟಕ್ಕೆ ಬೇಕರಿಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ನಿದ್ದೆ ಬರುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಉರಿಯೋ ಒಲೆ ಮುಂದೆ ನಿಲ್ಲಿಸಿದೆ. ಆಮೇಲೆ ನನ್ನ ತಲೆಗೆ ಕಟ್ಟಿದೆ. ನಿನ್ನ ತಮ್ಮನ ಮಗನ್ನ ಕರೆಸೋಕೆ ನೋಡ್ತಿದ್ದೀಯ ಅಂತ ಅವನಮ್ಮನೇ ನನಗೆ ಹೇಳಿದ್ರು, ನಾನು ನಂಬಲಿಲ್ಲ. ನೀನು ತಾಯಿನಾ?"

ಉತ್ತರ ಬಂದದ್ದು ಕುರ್ಚಿಯಿಂದ.

"ನನಗೆ ಗೊತ್ತಿತ್ತು," ಎಂದ ಸೀನಪ್ಪ.

ಮೂವರೂ ತಿರುಗಿದರು.

"ಮೊದಲನೇ ದಿನವೇ ಗೊತ್ತಾಯ್ತು. ಎಷ್ಟು ಸಕ್ಕರೆ ಹಾಕಿದ್ರೂ ಕಹಿ ಅಡಗಿರಲಿಲ್ಲ, ಲೋಟದ ತಳದಲ್ಲಿ ಹಳದಿ ಪುಡಿ ಕೂತಿತ್ತು." ಅವನ ದನಿ ಏರಲಿಲ್ಲ, ಆದರೆ ಅದರಲ್ಲಿ ಮೆತ್ತಗಿನದೇನೂ ಇರಲಿಲ್ಲ. "ಈ ಮನೆಗೆ ಬಂದಾಗಿನಿಂದ ಅತ್ತೆ ನನಗೆ ಅಂತ ಒಂದು ಲೋಟ ಚಹಾ ಮಾಡಿದ್ದಿಲ್ಲ. ಏನೋ ಔಷಧಿ ಹಾಕಿದ್ದಾರೆ, ನನಗೆ ಒಳ್ಳೇದಾಗ್ಲಿ ಅಂತ್ಲೇ ಹಾಕಿದ್ದಾರೆ ಅಂದ್ಕೊಂಡೆ. ಇವಳಿಗೆ ಹೇಳಿದ್ರೆ ಚಹಾ ನಿಲ್ಲುತ್ತೆ ಅಂತ ಹೇಳಲಿಲ್ಲ. ಡಾಕ್ಟರ ಮುಂದೆ ಅತ್ತೆ ಮಾನ ಹೋಗ್ಬಾರ್ದು ಅಂತ ಅಲ್ಲೂ ಬಾಯಿ ಬಿಡಲಿಲ್ಲ. ಕುಡುಕ ಅಂತ ಬೀದಿಗೆ ಹೇಳಿದ್ದೂ ನೀವೇ ಅಂತ ಆಮೇಲೆ ತಿಳೀತು, ಅತ್ತೆ."

ಅವನು ಎದ್ದು ನಿಂತ.

"ಮಾತು ನುಂಗಿದೆ, ಮಾತ್ರೆ ನುಂಗಿದೆ. ನೀವಿಬ್ಬರೂ ಒಬ್ಬರಿಗೊಬ್ಬರು ಹೇಳ್ದೆ ಕೊಟ್ಟಿದ್ದನ್ನೆಲ್ಲ ನುಂಗಿದೆ. ಕೇಳ್ದೆ ನುಂಗಿದ್ದು ನಂದೂ ತಪ್ಪು. ಇನ್ನು ನನ್ನ ಬಾಯಿಗೆ ಏನು ಹೋಗ್ಬೇಕು ಅಂತ ನಾನು ನೋಡ್ಕೋತೀನಿ. ಹಿಟ್ಟು ಜರಡಿ ಹಿಡಿಯೋದು, ಚೀಲ ಸುರಿಯೋದು ನನ್ನ ಕೈಲಾಗಲ್ಲ. ಒಲೆ ನೋಡ್ಕೋತೀನಿ. ಬೇಡ ಅಂದ್ರೆ ಬೇರೆ ಕಡೆ ಕೆಲಸ ಇದೆ."

ಮಾರನೆಯ ದಿನದಿಂದ ಮನೆಯಲ್ಲಿ ಅಡುಗೆ ಬೇರೆಯಾಯಿತು. ಮಗಳು ಮಹಡಿಯ ಕೋಣೆಯಲ್ಲಿ ಸಣ್ಣ ಸ್ಟೌ ಇಟ್ಟು ಮೂವರಿಗೆ ಬೇಯಿಸಿಕೊಂಡಳು. ತಾಯಿಯೊಂದಿಗೆ ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಲಾಯರಮ್ಮ ಮೆಟ್ಟಿಲಿಳಿದು ಬರುತ್ತಿದ್ದಳು, ಕೋರ್ಟಿನ ಜವಾನನಂತೆ ಹೇಳಿ ಹೋಗುತ್ತಿದ್ದಳು. ಬೇಕರಿಯಮ್ಮ ಕೆಳಗೆ ಒಬ್ಬಳೇ ಕೂತು ಬ್ರೆಡ್ಡನ್ನು ಸೂಪಿಗೆ ಅದ್ದಿಕೊಂಡು ತಿಂದಳು. ತಮ್ಮನಿಗೆ ಫೋನು ಮಾಡಿ, ನಿನ್ನ ಮಗ ಬರುವುದು ಬೇಡ ಎಂದಳು. ಅವನು ಏನೇನೋ ಅಂದ. ಕೇಳಿಸಿಕೊಂಡಳು.

ಹಿಟ್ಟು ಜರಡಿ ಹಿಡಿಯುವ ಕೆಲಸ ಅವಳ ಪಾಲಿಗೇ ಬಂತು. ಅಂಗಳದ ಮೂಲೆಯ ಶೆಡ್ಡಿನಲ್ಲಿ, ತಲೆಗೆ ಬಟ್ಟೆ ಸುತ್ತಿ, ಸೊಂಟ ಹಿಡಿದುಕೊಂಡು ಜರಡಿ ಅಲ್ಲಾಡಿಸುವಾಗ ತಾನೂ ಒಂದೊಂದು ಸಲ ಸೀನಿದಳು. ಒಳಗೆ ಅಳಿಯ ಮಾಸ್ಕ್ ಕಟ್ಟಿಕೊಂಡೇ ಹಿಟ್ಟು ನಾದುತ್ತಿದ್ದ. ಒದ್ದೆಯಾದರೆ ಬದಲಿಸುತ್ತಿದ್ದ. ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗಡಿ ಮುಂದೆ ಏಳೆಂಟು ಜನ ನಿಂತಿದ್ದಾಗ ಹೋಟೆಲಿನವಳು ಬಂದಳು.

"ಏನು ಬೇಕರಿಯಮ್ಮ, ಸೀನಿನ ಸದ್ದೇ ಇಲ್ಲ? ಬಿಟ್ನಾ ಕುಡಿಯೋದನ್ನ?" ಎಂದು ನಕ್ಕಳು. ಹಿಂದೆ ನಿಂತಿದ್ದವರಲ್ಲಿ ಇಬ್ಬರು ನಕ್ಕರು.

ಬೇಕರಿಯಮ್ಮ ಬನ್ನು ಎಣಿಸುತ್ತಿದ್ದ ಕೈ ನಿಲ್ಲಿಸಿದಳು.

"ನನ್ನ ಅಳಿಯ ಹುಟ್ಟಿದಾಗಿಂದ ಹೆಂಡ ಮುಟ್ಟಿದವನಲ್ಲ," ಎಂದಳು. ದನಿ ಬೀದಿಯ ಆಚೆಗೂ ಕೇಳುವಷ್ಟು ಗಟ್ಟಿಯಿತ್ತು. ಟೈಲರ್ ಯಂತ್ರ ನಿಂತಿತು. "ಅವನಿಗೆ ನಿದ್ದೆ ಬರೋ ಮಾತ್ರೆ ಹಾಕಿದ್ದು ನಾನು. ಚಹಾದಲ್ಲಿ ಕದ್ದು ಹಾಕಿದೆ. ಅವನ ಕೈ ಸುಟ್ಟಿದ್ದು ನನ್ನಿಂದ. ನೀನು ಕುಡೀತಾನಾ ಅಂತ ಕೇಳ್ದಾಗ ಇಲ್ಲ ಅನ್ಲಿಲ್ಲ, ಅದೂ ನಾನೇ. ಈಗ ನಗು. ನಗೋದಿದ್ರೆ ನನ್ನ ನೋಡಿ ನಗು."

ಯಾರೂ ನಗಲಿಲ್ಲ. ಹೋಟೆಲಿನವಳು, "ಅಯ್ಯೋ, ತಮಾಷೆಗಂದೆ," ಎಂದು ಬುಟ್ಟಿಗೆ ಕೈ ಹಾಕಿದಳು. ಇನ್ನೊಬ್ಬಳು ಮಾತ್ರ ಬನ್ನು ಕೊಳ್ಳದೆ, ಬೇಕರಿಯಮ್ಮನನ್ನು ಮೇಲಿಂದ ಕೆಳಗೆ ಅಳೆದು, "ಇಂಥವರ ಕೈಲಿ ತಿನ್ನೋಕೆ ತಗೊಳ್ಳೋದಾ?" ಎಂದು ಹೊರಟುಹೋದಳು. ಬೇಕರಿಯಮ್ಮ ಅವಳನ್ನು ಕರೆಯಲಿಲ್ಲ.

ಹಿಂದೆ ಬಾಗಿಲ ಬಳಿ ಯಾರೋ ನಿಂತಂತಾಯಿತು. ಸೀನಪ್ಪ ಎರಡೂ ಕೈಯಲ್ಲಿ ಟ್ರೇ ಹಿಡಿದು ಅಲ್ಲೇ ಇದ್ದ. ಎಷ್ಟು ಹೊತ್ತಿನಿಂದ ಇದ್ದನೋ. ಬಲಗೈಯ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಮಾಸ್ಕಿನ ಮೇಲೆ ಬರೀ ಕಣ್ಣುಗಳು ಕಾಣುತ್ತಿದ್ದವು. ಅವುಗಳಲ್ಲಿ ಏನಿದೆಯೆಂದು ಅವಳಿಗೆ ಓದಲಾಗಲಿಲ್ಲ.

"ಅತ್ತೆ, ಟ್ರೇ ಬಿಸಿ ಇದೆ," ಎಂದ. "ದಾರಿ ಬಿಡಿ."

ಮನೆ ಎರಡಾದ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು. ಬೇಕರಿಯಮ್ಮ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.